ಮಾತು ಕೇಳದ ಅರಸ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ಯಾರ್ಯಾರು ರೇಡಿಯೋ ಹಾಕಿರಬಹುದು ಅಂತ ಯೋಚಿಸುತ್ತಿದ್ದೆ. ಸಭೆಯ ಹಿರಿಯರು, ಸಂಘ ನಡೆಸುವ ತಾಯಂದಿರು, ಪಂಚಾಯಿತಿ ಸದಸ್ಯರು, ಹತ್ತು ಆಳುಗಳನ್ನು ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ. ನಾಲ್ಕು ಜನ ನಿಮ್ಮ ಮಾತು ಕೇಳುತ್ತಾರೆ ಅಂದರೆ ನೀವೂ ನಾಯಕರೇ. ಹಾಗಾದರೆ ನೀವು ಯಾರ ಮಾತು ಕೇಳುತ್ತೀರಿ? ಇವತ್ತು ನನ್ನ ಪ್ರಶ್ನೆ ಇದೊಂದೇ.

ಬೈಬಲಿನಲ್ಲಿ ಬರುವ ಇಸ್ರಾಯೇಲರ ಮೊದಲ ಅರಸ ಸೌಲ. ದೈತ್ಯ ಗೊಲ್ಯಾತನನ್ನು ಕವಣೆ ಕಲ್ಲಿನಿಂದ ಬೀಳಿಸಿದ ಹುಡುಗ ದಾವೀದನ ಕಥೆ ಎಲ್ಲರಿಗೂ ಗೊತ್ತು, ಎಲ್ಲರೂ ಅಲ್ಲಿಗೇ ಓಡುತ್ತಾರೆ. ಇವತ್ತು ಅದು ಬೇಡ. ಸೌಲನ ಹತ್ತಿರ ಸ್ವಲ್ಪ ನಿಲ್ಲೋಣ.

ಅವನು ಕೆಟ್ಟವನಾಗಿ ಶುರು ಮಾಡಲಿಲ್ಲ. ಅಪ್ಪನ ಕಳೆದುಹೋದ ಕತ್ತೆಗಳನ್ನು ಹುಡುಕಿಕೊಂಡು ಹೊರಟ ಹುಡುಗ. ಅರಸನಾಗಿ ಆರಿಸಿದ ದಿನ ಸಾಮಾನುಗಳ ನಡುವೆ ಬಚ್ಚಿಟ್ಟುಕೊಂಡಿದ್ದ, ಅಷ್ಟು ಸಂಕೋಚ! ಒಂದು ಸಂಜೆ ಎತ್ತುಗಳ ಹಿಂದೆ ಹೊಲದಿಂದ ಬರುತ್ತಿದ್ದಾಗ ಊರಲ್ಲಿ ಅಳು ಕೇಳಿಸಿತು. "ಜನ ಯಾಕೆ ಅಳುತ್ತಿದ್ದಾರೆ?" ಅಂತ ಕೇಳಿದ. ಯಾಬೇಷ್ ಗಿಲ್ಯಾದ್ ಎಂಬ ಊರನ್ನು ಶತ್ರು ಮುತ್ತಿಗೆ ಹಾಕಿದ್ದ. ಎಲ್ಲರ ಬಲಗಣ್ಣು ಕೀಳುತ್ತೇನೆ ಅಂದಿದ್ದ. ಸೌಲ ಎದ್ದು ಹೋದ, ಆ ಊರನ್ನು ಉಳಿಸಿದ. ಆಗ ಅವನಿಗೆ ಕಿವಿ ಇತ್ತು.

ಈಗ ನನಗೆ ತುಂಬಾ ಇಷ್ಟವಾದ ಘಟನೆಗೆ ಬರುತ್ತೇನೆ. ಅಮಾಲೇಕ್ಯರು ಎಂಬ ಶತ್ರು ಜನಾಂಗದ ಮೇಲೆ ಯುದ್ಧ. ದೇವರ ಆಜ್ಞೆ ಸ್ಪಷ್ಟವಾಗಿತ್ತು: ಏನನ್ನೂ ಉಳಿಸಬೇಡ, ದನ ಕುರಿಯನ್ನೂ ತರಬೇಡ. ಲೂಟಿಗಾಗಿ ಮಾಡುವ ಯುದ್ಧ ಅಲ್ಲ ಇದು. ಸೌಲ ಗೆದ್ದ. ಆದರೆ ಅವರ ಅರಸ ಅಗಾಗನನ್ನು ಜೀವಸಹಿತ ಹಿಡಿದು ತಂದ. ಬಡಕಲು ಪ್ರಾಣಿಗಳನ್ನು ಕೊಂದು, ಕೊಬ್ಬಿದ ಕುರಿ, ಒಳ್ಳೆಯ ಎತ್ತುಗಳನ್ನು ಇಟ್ಟುಕೊಂಡ. ದಾರಿಯಲ್ಲಿ ಕರ್ಮೆಲಿನಲ್ಲಿ ತನ್ನ ಹೆಸರಿಗೆ ಒಂದು ಸ್ಮಾರಕವನ್ನೂ ನಿಲ್ಲಿಸಿದ.

ದೇವರ ಮಾತನ್ನು ಜನರಿಗೆ ತಲುಪಿಸುವ ಪ್ರವಾದಿ ಸಮುವೇಲನಿಗೆ ವಿಷಯ ತಿಳಿಯಿತು. ಮುದುಕ ರಾತ್ರಿಯೆಲ್ಲಾ ದೇವರ ಮುಂದೆ ಅತ್ತ. ಬೆಳಿಗ್ಗೆ ಎದ್ದು ಸೌಲನನ್ನು ಹುಡುಕಿಕೊಂಡು ಗಿಲ್ಗಾಲಿಗೆ ಹೋದ. ಸೌಲ ಎದುರು ಬಂದು ಏನಂದ ಗೊತ್ತಾ? "ನಿಮಗೆ ಆಶೀರ್ವಾದವಾಗಲಿ, ದೇವರು ಹೇಳಿದ್ದನ್ನೆಲ್ಲಾ ಮಾಡಿ ಮುಗಿಸಿದೆ!" ಸಮುವೇಲ ಕೇಳಿದ: "ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು?"

ಸಂಡೇ ಸ್ಕೂಲಿನಲ್ಲಿ ಇಲ್ಲಿಗೆ ಬಂದಾಗ ನಾನು ಸುಮ್ನೆ ನಿಲ್ಲುತ್ತೇನೆ. ಹಿಂದಿನ ಬೆಂಚಿನಿಂದ ಒಂದು ಮಗು ಮ್ಯಾ ಅನ್ನುತ್ತದೆ. ಆಮೇಲೆ ಇಡೀ ತರಗತಿಯೇ ಮ್ಯಾ ಅನ್ನುತ್ತದೆ. ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಬೆನ್ನ ಹಿಂದೆ ಅಷ್ಟು ಕುರಿಗಳು ಅರಚುತ್ತಿದ್ದರೂ ಅರಸನಿಗೆ ಮಾತ್ರ ಕೇಳಿಸುತ್ತಿಲ್ಲ!

ಸೌಲ ನೆಪ ಹೇಳಿದ: ಜನ ತಂದರು, ದೇವರಿಗೆ ಬಲಿ ಕೊಡೋದಕ್ಕೇ ತಂದರು. ನನಗೆ ಸಿಟ್ಟು ಬರುವುದು ಇಲ್ಲಿಯೇ. ತಪ್ಪು ಜನರದ್ದಂತೆ, ಭಕ್ತಿ ತನ್ನದಂತೆ. ಬಲಿಗಿಂತ ಮಾತು ಕೇಳುವುದೇ ಮೇಲು ಅಂತ ಸಮುವೇಲ ಖಡಕ್ಕಾಗಿ ಹೇಳಿದ. ಗಮನಿಸಿ, ಮಾತು ಕೇಳುವುದು. ಮಕ್ಕಳಿಗೆ ನಾವು "ಮಾತು ಕೇಳು" ಅಂತೀವಲ್ವಾ? ಕಿವಿಗೆ ಬಿದ್ದರೆ ಸಾಕು ಅಂತಲ್ಲ, ಹೇಳಿದ ಹಾಗೆ ನಡೆ ಅಂತ. ಈ ಕಥೆಯ ಮೂಲ ಭಾಷೆ ಹೀಬ್ರೂವಿನಲ್ಲೂ ಹೀಗೇ, ಎರಡಕ್ಕೂ ಒಂದೇ ಪದ. ಕೊನೆಗೆ ಸೌಲ ಒಪ್ಪಿಕೊಂಡ: "ಜನರಿಗೆ ಹೆದರಿ ಅವರ ಮಾತು ಕೇಳಿದೆ." ಒಪ್ಪಿಕೊಂಡ ಮೇಲೂ ಬೇಡಿದ್ದೇನು? ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸಿ ಅಂತ!

ದೇವರ ಮಾತಿಗೆ ಕಿವಿ ಮುಚ್ಚಿದವನಿಗೆ ಜನರ ಮಾತು ಜಾಸ್ತಿ ಜೋರಾಗಿ ಕೇಳಿಸುತ್ತದೆ. ಹೊಟ್ಟೆಕಿಚ್ಚು ಒಳಗೆ ಬಂದದ್ದು ಅದೇ ಬಾಗಿಲಿನಿಂದ. ಹೆಂಗಸರು ಕುಣಿಯುತ್ತಾ ಹಾಡಿದರು: ಸೌಲ ಸಾವಿರಗಟ್ಟಲೆ ಕೊಂದ, ದಾವೀದ ಹತ್ತು ಸಾವಿರಗಟ್ಟಲೆ ಕೊಂದ. ಹಬ್ಬದ ಹಾಡು, ಅಷ್ಟೇ! ದಾವೀದ ಅವನದೇ ಸೈನ್ಯದವನು, ಗೆಲುವು ಅವನದೇ ರಾಜ್ಯದ್ದು. ಆದರೆ ಸೌಲನಿಗೆ ಕೇಳಿಸಿದ್ದು ಲೆಕ್ಕ ಮಾತ್ರ. ಅಂದಿನಿಂದ ದಾವೀದನನ್ನು ನೋಡುವ ಕಣ್ಣೇ ಬೇರೆಯಾಯಿತು. ಕಿನ್ನರಿ ನುಡಿಸುತ್ತಾ ಕೂತವನ ಮೇಲೆ ಈಟಿ ಎಸೆದ. ದಾವೀದನ ಪರವಾಗಿ ಮಾತಾಡಿದ ಸ್ವಂತ ಮಗ ಯೋನಾತಾನನ ಮೇಲೂ ಎಸೆದ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಜೀವ ಉಳಿಸಿಕೊಳ್ಳಲು ಓಡಿಹೋದ ದಾವೀದನಿಗೆ ರೊಟ್ಟಿ ಕೊಟ್ಟ ತಪ್ಪಿಗೆ ನೋಬ್ ಎಂಬ ಊರಿನ 85 ಯಾಜಕರನ್ನು ಕೊಲ್ಲಿಸಿದ. ಊರಿನ ಮಕ್ಕಳನ್ನೂ ಬಿಡಲಿಲ್ಲ, ಎತ್ತು, ಕತ್ತೆ, ಕುರಿಗಳನ್ನೂ ಬಿಡಲಿಲ್ಲ. ದೇವರು ಬೇಡವೆಂದ ಕುರಿಗಳನ್ನು ಉಳಿಸಿಕೊಂಡಿದ್ದವನು ಇವನೇ ಅಲ್ವಾ? ನೆರೆಯ ಶತ್ರುಗಳಾದ ಫಿಲಿಷ್ಟಿಯರು ಗಡಿಯಲ್ಲಿದ್ದರೂ 3,000 ಆಯ್ದ ಸೈನಿಕರನ್ನು ಕಟ್ಟಿಕೊಂಡು ಏಂಗೆದಿಯ ಬಂಡೆಗಳಲ್ಲಿ ಒಬ್ಬ ಹುಡುಗನನ್ನು ಹುಡುಕಿದ. ಕೈಗೆ ಸಿಕ್ಕ ಅರಸನನ್ನು ದಾವೀದ ಎರಡು ಸಲ ಕೊಲ್ಲದೆ ಬಿಟ್ಟ. ಸೌಲ ಅತ್ತ, ತಪ್ಪಾಯಿತು ಅಂದ, ಮತ್ತೆ ಅಟ್ಟಿಸಿಕೊಂಡು ಬಂದ.

ಕೊನೆಯ ಯುದ್ಧಕ್ಕೆ ಮುಂಚೆ ದೇವರನ್ನು ಕೇಳಿದಾಗ ಕನಸಿನಲ್ಲೂ ಉತ್ತರ ಬರಲಿಲ್ಲ, ಪ್ರವಾದಿಗಳಿಂದಲೂ ಬರಲಿಲ್ಲ. ಸತ್ತವರ ಜೊತೆ ಮಾತಾಡುವವರನ್ನು ದೇಶದಿಂದ ಓಡಿಸಿದ್ದವನು ತಾನೇ ಅಂಥವರಲ್ಲಿ ಒಬ್ಬಳ ಮನೆ ಬಾಗಿಲಿಗೆ, ರಾತ್ರಿ ವೇಷ ಮರೆಸಿಕೊಂಡು ಹೋದ. ಮರುದಿನದ ಯುದ್ಧದಲ್ಲಿ ಗಿಲ್ಬೋವ ಬೆಟ್ಟದ ಮೇಲೆ ಅವನ ಮೂವರು ಗಂಡುಮಕ್ಕಳು ಸತ್ತರು. ಸೌಲ ತನ್ನ ಕತ್ತಿಯ ಮೇಲೆ ತಾನೇ ಬಿದ್ದ. ಶತ್ರುಗಳು ಅವನ ಹೆಣವನ್ನು ಬೇತ್ಷೆಯಾನ್ ಎಂಬ ಊರಿನ ಗೋಡೆಗೆ ತೂಗುಹಾಕಿದರು.

ಆ ಸುದ್ದಿ ಯಾಬೇಷ್ ಗಿಲ್ಯಾದಿನ ಜನರ ಕಿವಿಗೆ ಬಿತ್ತು. ಹಿಂದೊಮ್ಮೆ ಸೌಲ ಯಾರ ಅಳುವನ್ನು ಕೇಳಿಸಿಕೊಂಡು ಎದ್ದು ಹೋಗಿದ್ದನೋ, ಅದೇ ಊರಿನವರು. ಅವರ ಶೂರರು ರಾತ್ರಿಯೆಲ್ಲಾ ನಡೆದರು. ಗೋಡೆಯಿಂದ ಅವನನ್ನೂ ಅವನ ಮಕ್ಕಳನ್ನೂ ಇಳಿಸಿಕೊಂಡು ಬಂದರು. ಎಲುಬುಗಳನ್ನು ತಮ್ಮೂರಿನ ಮರದ ಕೆಳಗೆ ಹೂಳಿಟ್ಟು, ಏಳು ದಿನ ಉಪವಾಸ ಮಾಡಿದರು.