ಮರ ಕೀಳದ ಭೀಮ

ಕೇಳುಗರಿಗೆ ನಮಸ್ಕಾರ.

ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಕಥೆ ಬರೆಯುತ್ತಿರುವವರು ಈಗ ರೇಡಿಯೋ ಮುಂದೆ ಕೂತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಅದರಲ್ಲೂ ಒಂದು ಬಗೆಯ ಕಥೆ ಬರೆಯುವವರು. ಊರಿನ ಗದ್ದಲದ ನಡುವೆ, ಪಕ್ಕದ ಮನೆಯಲ್ಲಿ, ದಿನಾ ಹತ್ತುವ ಅದೇ ಬಸ್ಸಿನಲ್ಲಿ, ಅತಿಮಾನುಷ ಶಕ್ತಿಯುಳ್ಳವರು ಗುಟ್ಟಾಗಿ ಬದುಕುತ್ತಿರುತ್ತಾರಲ್ಲ, ಆ ಕಥೆ. ಒಬ್ಬ ಹಾರಬಲ್ಲ. ಒಬ್ಬಳಿಗೆ ವಯಸ್ಸೇ ಆಗುವುದಿಲ್ಲ. ಇನ್ನೊಬ್ಬ ಬರಿಗೈಯಲ್ಲಿ ಕಾರು ಎತ್ತುತ್ತಾನೆ. ಸುತ್ತಲಿನವರಿಗೆ ಇದರ ಗಾಳಿಗಂಧವೂ ಇಲ್ಲ.

ಇಂಥ ಕಥೆ ಮೊದಲ ಎರಡು ಅಧ್ಯಾಯ ಕುದುರೆ ಓಡಿದ ಹಾಗೆ ಓಡುತ್ತದೆ. ಮೂರನೆಯದರಲ್ಲಿ ಕುಂಟಲು ಶುರು. ಬರೆಯುವವರು ಶಕ್ತಿಯ ಬಗ್ಗೆ ಹತ್ತು ಪುಟ ಯೋಚಿಸಿರುತ್ತಾರೆ, ಗುಟ್ಟಿನ ಬಗ್ಗೆ ಹತ್ತು ಸಾಲು ಕೂಡ ಯೋಚಿಸಿರುವುದಿಲ್ಲ. ನಾಯಕ ಮಧ್ಯಾಹ್ನ ಹನ್ನೆರಡು ಗಂಟೆಗೆ ಪೇಟೆಯ ನಡುವೆ ಹಾರಿಹೋಗುತ್ತಾನೆ, ಸಂಜೆ ಆಫೀಸಿನಲ್ಲಿ ಎಲ್ಲರೂ ಅವನನ್ನು ಎಂದಿನ ಹಾಗೆ ಮಾತಾಡಿಸುತ್ತಾರೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಕಣ್ಣು ಮುಚ್ಚಿರುವುದು ಬೆಕ್ಕು, ಜಗತ್ತಲ್ಲ.

ಆದ್ದರಿಂದ ಇವತ್ತು ಒಂದೇ ಒಂದು ಮಾತು ಹೇಳುತ್ತೇನೆ. ಬರೆದುಕೊಳ್ಳಿ. ಶಕ್ತಿ ಬಳಸಿದರೆ ಗುರುತು ಬೀಳಬೇಕು. ಪ್ರತಿ ಸಲವೂ. ಗುರುತು ಬಿದ್ದರೆ ಯಾರಾದರೂ ನೋಡುತ್ತಾರೆ, ನೋಡಿದರೆ ಸುಳ್ಳು ಹೇಳಬೇಕಾಗುತ್ತದೆ, ಸುಳ್ಳು ಹೇಳಿದರೆ ಅದನ್ನು ಕಾಪಾಡಬೇಕಾಗುತ್ತದೆ. ಕಥೆ ನಡೆಯುವುದು ಈ ಸರಪಳಿಯ ಮೇಲೆ.

ಉದಾಹರಣೆಗೆ, ಅತಿವೇಗವಾಗಿ ಓಡುವವನು. ಸೆಕೆಂಡಿಗೆ 100 ಮೀಟರ್ ಓಡುತ್ತಾನೆ ಅನ್ನಿ. ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಗುಟ್ಟು ಉಳಿಯಿತು ಎಂದು ಬರೆದುಬಿಡುತ್ತಾರೆ. ಸಿಸಿಟಿವಿ ಕ್ಯಾಮೆರಾ? ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೆ, ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಅವನು 4 ಮೀಟರ್ ಸರಿದಿರುತ್ತಾನೆ. 12 ಮೀಟರಿನ ಓಣಿಯಲ್ಲಿ ಅವನು ಮೂರು ಚಿತ್ರಗಳಲ್ಲಿ ಸಿಗುತ್ತಾನೆ. ಮೂರರಲ್ಲೂ ಬರೀ ಮಸುಕು. ಸಾಮಾನ್ಯವಾಗಿ ಓಡಿಸಿದ ವಿಡಿಯೋದಲ್ಲಿ ಏನೂ ಇಲ್ಲ. ಆದರೆ ಕಾವಲುಗಾರ ಬೇರೆ ಯಾವುದೋ ಕಳವಿನ ವಿಷಯಕ್ಕೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತಾನೆ. ಮಸುಕಿನ ತಳದಲ್ಲಿ ಹಸಿರು ಬಣ್ಣ. ಅಂಥ ಹಸಿರು ಶೂ ಹಾಕುವವರು ಆ ಕಟ್ಟಡದಲ್ಲಿ ಒಬ್ಬರೇ. ಈಗ ನಿಮಗೆ ಕಥೆ ಸಿಕ್ಕಿತು. ಕಾವಲುಗಾರ ಏನು ಮಾಡುತ್ತಾನೆ? ನೇರವಾಗಿ ಕೇಳುತ್ತಾನೋ, ಸುಮ್ಮನಿದ್ದು ಆ ಶೂಗಳನ್ನೇ ಗಮನಿಸುತ್ತಾನೋ?

ಕಾರು ಎತ್ತುವವನಿಗೂ ಇದೇ ಲೆಕ್ಕ. ಸಣ್ಣ ಕಾರೊಂದು ಸುಮಾರು 1000 ಕಿಲೋ ತೂಗುತ್ತದೆ. ಬಂಪರ್ ಹಿಡಿದು ಎತ್ತಿದರೆ ಬಂಪರ್ ಮಾತ್ರ ಕೈಗೆ ಬರುತ್ತದೆ, ಅದು ಬರೀ ಪ್ಲಾಸ್ಟಿಕ್. ಕೆಳಗಿನ ಚೌಕಟ್ಟಿಗೇ ಕೈ ಹಾಕಬೇಕು. ಹಾಕಿದರೆ ಆ ಲೋಹದ ಮೇಲೆ ಬೆರಳಿನ ತಗ್ಗು ಬೀಳುತ್ತದೆ. ಎತ್ತಿದ ತೂಕವೆಲ್ಲ ಅವನ ಎರಡು ಪಾದಗಳ ಮೂಲಕ ನೆಲಕ್ಕೆ ಇಳಿಯಬೇಕಷ್ಟೆ. ಕಾಂಕ್ರೀಟ್ ತಡೆದುಕೊಳ್ಳುತ್ತದೆ. ಮಳೆ ಬಂದು ನೆನೆದ ಮಣ್ಣಾದರೆ ಕಾಲು ಹೂತುಹೋಗುತ್ತದೆ, ಕಾರು ಅವನ ಮೇಲೇ ಕೂರುತ್ತದೆ. ಮರುದಿನ ಮೆಕ್ಯಾನಿಕ್ ಆ ಕಾರಿನ ಅಡಿಗೆ ಮಲಗಿ ಮೇಲೆ ನೋಡುತ್ತಾನೆ. ಎಂಟು ಬೆರಳಿನ ಗುರುತು. ಆ ಮೆಕ್ಯಾನಿಕ್‌ಗೊಂದು ಹೆಸರು ಕೊಡಿ, ಅವನಿಗೊಂದು ಅಧ್ಯಾಯ ಬರೆಯಿರಿ.

ಮಹಡಿಯಿಂದ ಬಿದ್ದವರನ್ನು ಹಿಡಿಯುವ ದೃಶ್ಯವಂತೂ ಎಲ್ಲರಿಗೂ ಬೇಕು. 30 ಮೀಟರ್ ಎತ್ತರದಿಂದ ಬಿದ್ದವರು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 87 ಕಿಲೋಮೀಟರ್ ವೇಗದಲ್ಲಿರುತ್ತಾರೆ. ಕೆಳಗೆ ನಿಂತು ಕೈಚಾಚಿದ ನಾಯಕನ ತೋಳು ಕಬ್ಬಿಣದಷ್ಟು ಗಟ್ಟಿ ಇದ್ದರೆ, ಬಿದ್ದವರ ಪಾಲಿಗೆ ಆ ತೋಳಿಗೂ ನೆಲಕ್ಕೂ ಏನು ವ್ಯತ್ಯಾಸ? ಕೊಲ್ಲುವುದು ನೆಲವಲ್ಲ, ಥಟ್ಟನೆ ನಿಲ್ಲುವುದು. ಹಾರಬಲ್ಲವನಾದರೆ ಮೇಲಿನಿಂದ ಅವರ ಜೊತೆಗೇ ಬೀಳುತ್ತಾ, ಹಿಡಿದು, ಎಂಟು ಹತ್ತು ಮೀಟರಿನುದ್ದಕ್ಕೂ ನಿಧಾನ ಮಾಡುತ್ತಾ ಇಳಿಸಬೇಕು. ಆಗಲೂ ಅವರ ಕಂಕುಳ ಕೆಳಗೆ ಕಂದಿದ ಕಲೆ ಉಳಿಯುತ್ತದೆ. ಆಸ್ಪತ್ರೆಯಲ್ಲಿ ವೈದ್ಯೆ ಅದನ್ನು ನೋಡಿ, ಇದು ಬಿದ್ದ ಗಾಯವಲ್ಲ, ಯಾರೋ ಬಿಗಿಯಾಗಿ ಹಿಡಿದ ಗಾಯ ಅನ್ನುತ್ತಾಳೆ. ಗುರುತು ಬಿತ್ತು, ನೋಡಿದಿರಾ?

ಈ ವಿದ್ಯೆಯನ್ನು ಕಲಿಯಲು ಎಲ್ಲೋ ದೂರ ಹೋಗಬೇಕಾಗಿಲ್ಲ. ಅತಿಮಾನುಷರು ಮಾಮೂಲಿ ಜನರ ನಡುವೆ ಬಚ್ಚಿಟ್ಟುಕೊಂಡು ಬದುಕುವ ಕಥೆಗಳಲ್ಲಿ ವಿರಾಟಪರ್ವಕ್ಕಿಂತ ಅಚ್ಚುಕಟ್ಟಾದದ್ದನ್ನು ತೋರಿಸಿ ನೋಡೋಣ. ಪಾಂಡವರ ಅಜ್ಞಾತವಾಸವನ್ನು ಪುರಾಣವೆಂದು ಕೈಮುಗಿದು ಪಕ್ಕಕ್ಕಿಟ್ಟಿದ್ದೇವೆ. ಕಥೆ ಬರೆಯುವವರು ಅದನ್ನು ಬಿಚ್ಚಿ, ಒಂದೊಂದೇ ತಿರುಪು ಕಳಚಿ ನೋಡಬೇಕು.

ಮೊದಲು ಷರತ್ತು. ಒಂದು ವರ್ಷ ಯಾರಿಗೂ ಗುರುತು ಸಿಗಬಾರದು. ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಗುಟ್ಟು ಒಡೆದರೆ ಏನಾಗುತ್ತದೆ ಎನ್ನುವುದು ಮೊದಲ ದಿನವೇ ಓದುಗರಿಗೆ ಗೊತ್ತು. ನಿಮ್ಮ ಕಥೆಯಲ್ಲಿ ಗೊತ್ತಿದೆಯೇ?

ಆಮೇಲೆ ಆಯುಧ. ಊರ ಹೊರಗಿನ ಸ್ಮಶಾನದ ಹತ್ತಿರ ಶಮೀವೃಕ್ಷ, ಅಂದರೆ ಬನ್ನಿಮರ. ಅದರ ಮೇಲೆ ಬಿಲ್ಲುಗಳನ್ನು ಕಟ್ಟಿಟ್ಟು, ಜೊತೆಗೊಂದು ಹೆಣ ಕಟ್ಟುತ್ತಾರೆ. ವಾಸನೆಗೆ ಯಾರೂ ಹತ್ತಿರ ಬರಬಾರದು. ಅಷ್ಟಕ್ಕೇ ಬಿಡಲಿಲ್ಲ. ದಾರಿಯಲ್ಲಿ ಸಿಕ್ಕ ದನಗಾಹಿಗಳಿಗೆ, ಇದು ನೂರೆಂಬತ್ತು ವರ್ಷದ ನಮ್ಮ ತಾಯಿಯ ದೇಹ, ನಮ್ಮ ಮನೆತನದ ಪದ್ಧತಿ ಹೀಗೇ ಎಂದು ಹೇಳುತ್ತಾ ಹೋಗುತ್ತಾರೆ. ಬಚ್ಚಿಟ್ಟ ಜಾಗ, ಅದಕ್ಕೊಂದು ಕಾವಲು, ಕೇಳಿದವರಿಗೆ ಹೇಳಲು ಒಂದು ಕಥೆ. ಮೂರೂ ತಯಾರು. ಅರ್ಜುನನ ತೋಳಿನಲ್ಲಿ ಬಿಲ್ಲಿನ ಹೆದೆ ತಾಗಿ ತಾಗಿ ಜಡ್ಡುಗಟ್ಟಿದ ಗುರುತು. ಅದನ್ನು ಮುಚ್ಚಲು ಬಳೆ. ಬಳೆ ತೊಡಬೇಕಾದ್ದರಿಂದ ಬೃಹನ್ನಳೆಯ ವೇಷ. ವೇಷ ಗುರುತಿನಿಂದ ಹುಟ್ಟಿತು, ಗಮನಿಸಿ.

ತಮ್ಮತಮ್ಮಲ್ಲಿ ಕರೆಯಲು ಬೇರೆ ಐದು ಹೆಸರೂ ಇದ್ದವು. ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ. ಕಂಕ, ವಲಲ ಇವೆಲ್ಲ ಅವರು ವೇಷ ಮರೆಸಿ ಕೆಲಸಕ್ಕೆ ಸೇರಿದ ವಿರಾಟರಾಜನ ಅರಮನೆಗೆ. ಈ ಐದು ಮಾತ್ರ ಆಪತ್ತಿಗೆ.

ಈಗ ನನಗೆ ತುಂಬಾ ಪ್ರೀತಿಯ ಭಾಗಕ್ಕೆ ಬರೋಣ. ಭೀಮನ ಕಥೆಯನ್ನು ಮರಗಳ ಕಥೆಯಾಗಿ ಓದಬಹುದು. ಭೀಮ ಅಂದರೆ ಮರ ಕಿತ್ತು ಹೋರಾಡುವವನು. ಅದು ಅವನ ಸಹಿ ಇದ್ದ ಹಾಗೆ.

ಮೊದಲನೆಯ ಮರ. ವಿರಾಟನ ಸಭೆ. ಕೀಚಕ ಸೈರಂಧ್ರಿಯನ್ನು, ಅಂದರೆ ದ್ರೌಪದಿಯನ್ನು, ಎಲ್ಲರ ಎದುರಿಗೆ ಒದೆಯುತ್ತಾನೆ. ಅಡುಗೆಯವನ ವೇಷದ ಭೀಮ ಅಲ್ಲೇ ಇದ್ದಾನೆ. ಹಲ್ಲು ಕಡಿಯುತ್ತಾನೆ. ಅವನ ಕಣ್ಣು ಒಂದು ದೊಡ್ಡ ಮರದ ಮೇಲೆ ನಿಲ್ಲುತ್ತದೆ. ಏನಾಗಲಿದೆ ಎಂದು ಧರ್ಮರಾಯನಿಗೆ ಗೊತ್ತು. ಅಣ್ಣನಾಗಿ ತಡೆಯುವ ಹಾಗಿಲ್ಲ, ಏಕೆಂದರೆ ಈ ಸಭೆಯಲ್ಲಿ ಅವನು ಕಂಕ, ಇವನು ಬರೀ ಅಡುಗೆಯವನು. ಹೆಬ್ಬೆರಳಿನಿಂದ ತಮ್ಮನ ಹೆಬ್ಬೆರಳನ್ನು ಅದುಮುತ್ತಾನೆ. ಆಮೇಲೆ, ಅಡುಗೆಯವನೇ, ಸೌದೆಗೆ ಮರ ನೋಡುತ್ತಿದ್ದೀಯೋ? ಸೌದೆ ಬೇಕಿದ್ದರೆ ಹೊರಗೆ ಹೋಗಿ ಮರ ಕಡಿ, ಎಂದು ಹೇಳುತ್ತಾನೆ.

ಸಭೆಯ ಕಿವಿಗೆ ಅದು ಸೌದೆಯ ಮಾತು. ಭೀಮನ ಕಿವಿಗೆ ಅದು ಅಪ್ಪಣೆ. ದ್ರೌಪದಿಯ ಕಿವಿಗೆ ಹೇಗೆ ಕೇಳಿಸಿರಬೇಕು, ಯೋಚಿಸಿ. ಒಂದೇ ವಾಕ್ಯ ಮೂವರಿಗೆ ಮೂರು ಅರ್ಥ. ಗುಟ್ಟಿನ ಕಥೆಯ ಸಂಭಾಷಣೆ ಹೀಗಿರಬೇಕು. ನಿಮ್ಮ ಪಾತ್ರಗಳು ಒಂದು ಕೋಣೆಯ ಬಾಗಿಲು ಹಾಕಿಕೊಂಡು, ನೆನಪಿದೆಯಾ, ನಮಗೆ ಶಕ್ತಿಯಿದೆ, ಯಾರಿಗೂ ಹೇಳಬಾರದು ಎಂದು ಮಾತಾಡಿಕೊಳ್ಳುವುದನ್ನು ದಯವಿಟ್ಟು ಹೊಡೆದುಹಾಕಿ. ಜನರ ನಡುವೆ ನಿಲ್ಲಿಸಿ ಮಾತಾಡಿಸಿ.

ಎರಡನೆಯ ಮರ. ಕೀಚಕನನ್ನು ಭೀಮ ರಾತ್ರಿ ನಾಟ್ಯಶಾಲೆಯ ಕತ್ತಲಲ್ಲಿ ಮುಗಿಸಿದ. ಕೀಚಕನ ಬಂಧುಗಳು ಸೈರಂಧ್ರಿಯನ್ನು ಅವನ ಜೊತೆಗೇ ಸುಡಲು ಹೊತ್ತುಕೊಂಡು ಹೋಗುತ್ತಾರೆ. ಆಗ ಅವಳು ಕೂಗುವುದು ಆ ಐದು ಗುಟ್ಟಿನ ಹೆಸರುಗಳನ್ನು. ಅಷ್ಟು ಭಯದಲ್ಲೂ ಭೀಮ ಎಂದು ಬಾಯಿತಪ್ಪಿಯೂ ಅನ್ನುವುದಿಲ್ಲ. ಭೀಮ ವೇಷ ಬದಲಿಸಿ, ಬಾಗಿಲು ಬಿಟ್ಟು ಗೋಡೆ ಹಾರಿ, ಸ್ಮಶಾನದಲ್ಲಿ ಮರ ಕಿತ್ತೇಬಿಡುತ್ತಾನೆ. ಗುಟ್ಟು ಹೋಗಬೇಕಿತ್ತು. ಹೋಗಲಿಲ್ಲ. ತನ್ನನ್ನು ಐವರು ಗಂಧರ್ವ ಪತಿಗಳು ಕಾಯುತ್ತಿದ್ದಾರೆ ಎಂದು ಅವಳು ಅರಮನೆಗೆ ಬಂದಾಗಲೇ ರಾಣಿಗೆ ಹೇಳಿಟ್ಟಿದ್ದಳು. ಜನ ಮರ ಹಿಡಿದವನನ್ನು ನೋಡಿ ಗಂಧರ್ವ, ಗಂಧರ್ವ ಎಂದು ಓಡಿದರು. ಸುಳ್ಳನ್ನು ಮೊದಲೇ ಬಿತ್ತಿರಬೇಕು. ಬೇಕಾದ ಹೊತ್ತಿನಲ್ಲಿ ಹೊಸ ಸುಳ್ಳು ಹುಟ್ಟಿಸಿದರೆ ಓದುಗರು ನಂಬುವುದಿಲ್ಲ.

ಆದರೂ ಗುರುತು ಬಿತ್ತು. ಹೆದರಿದ ವಿರಾಟ, ಈ ಹೆಣ್ಣು ಇಲ್ಲಿರುವುದು ಬೇಡ ಎಂದು ರಾಣಿಯಿಂದ ಹೇಳಿಸುತ್ತಾನೆ. ಅವಳು ಕೇಳಿಕೊಳ್ಳುವುದು ಇನ್ನು ಹದಿಮೂರೇ ದಿನ. ಕೀಚಕ ಸತ್ತ ಸುದ್ದಿ ಗೂಢಚಾರರ ಬಾಯಲ್ಲಿ ಹಸ್ತಿನಾವತಿ ಸೇರುತ್ತದೆ, ಅಲ್ಲಿಂದ ದಂಡು ಹೊರಡುತ್ತದೆ. ಒಂದು ರಾತ್ರಿಯ ಶಕ್ತಿಗೆ ಒಂದು ಯುದ್ಧದ ಬೆಲೆ.

ಮೂರನೆಯ ಮರ ಆ ಯುದ್ಧದಲ್ಲಿ. ತ್ರಿಗರ್ತದ ಸುಶರ್ಮ ವಿರಾಟನನ್ನು ಸೆರೆಹಿಡಿದಿದ್ದಾನೆ. ಬಿಡಿಸಲು ಭೀಮ ಮತ್ತೆ ಮರದ ಕಡೆ ಹೊರಡುತ್ತಾನೆ, ಪಾಪ, ಅಭ್ಯಾಸ. ಧರ್ಮರಾಯ ಮತ್ತೆ ತಡೆಯುತ್ತಾನೆ. ಆ ಮರ ಅಲ್ಲೇ ಇರಲಿ, ಅತಿಮಾನುಷ ಕೆಲಸ ಮಾಡಿದರೆ ಜನ ಇವನೇ ಭೀಮ ಅಂದುಬಿಡುತ್ತಾರೆ, ಬಿಲ್ಲೋ ಕತ್ತಿಯೋ ಯಾವುದಾದರೂ ಮನುಷ್ಯರ ಆಯುಧ ಹಿಡಿ ಎನ್ನುತ್ತಾನೆ. ಮನುಷ್ಯರ ಆಯುಧ! ಈ ಎರಡು ಪದವನ್ನು ಬರೆಯುವ ಮೇಜಿನ ಎದುರು ಅಂಟಿಸಿಕೊಳ್ಳಿ. ನಿಮ್ಮ ನಾಯಕಿ ಒಂದೇ ಏಟಿಗೆ ಬಾಗಿಲು ಮುರಿಯಬಲ್ಲಳು. ಹಿಂದೆ ಜನ ನಿಂತಿದ್ದಾರೆ. ಅವಳು ಬೀಗದ ಕೈಗೊಂಚಲು ಹಿಡಿದು, ಒಂದೊಂದೇ ಕೀಲಿ ಹಾಕಿ ನೋಡಬೇಕು, ಒಳಗೆ ಹೊಗೆ ತುಂಬುತ್ತಿರುವಾಗ. ಇದಕ್ಕಿಂತ ಬಿಗಿಯಾದ ದೃಶ್ಯ ಯಾವ ಹೊಡೆದಾಟದಲ್ಲೂ ಸಿಗುವುದಿಲ್ಲ.

ಮರಗಳಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ವಯಸ್ಸಾಗದವಳ ಕಥೆ ಬರೆಯುವವರು ಕಾಗದಪತ್ರ ಮರೆಯಬೇಡಿ. ಒಂದೂರಿನಲ್ಲಿ ಹತ್ತು ಹದಿನೈದು ವರ್ಷಕ್ಕಿಂತ ಹೆಚ್ಚು ಇರಲಾಗುವುದಿಲ್ಲ. ಮೊದಲು ಹೆಸರು ಬದಲಿಸಿದರೆ ಸಾಕಿತ್ತು. ಈಗ ಬೆರಳಚ್ಚು ಹಳೆಯ ಹೆಸರಿನಲ್ಲೇ ಕೂತಿದೆ, ಮುಖ ಹಳೆಯ ಫೋಟೋದಲ್ಲಿದೆ. ಇನ್ನು ಗಾಯವೇ ಆಗದವನು. ಅವನ ಚರ್ಮಕ್ಕೆ ಸೂಜಿಯೂ ಚುಚ್ಚುವುದಿಲ್ಲ. ನೌಕರಿಗೆ ಮುಂಚಿನ ರಕ್ತಪರೀಕ್ಷೆ ಹೇಗೆ ದಾಟುತ್ತಾನೆ? ಅದೃಶ್ಯನಾಗುವವನ ವಿಷಯದಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1897ರಲ್ಲೇ ದಾರಿ ತೋರಿಸಿದ್ದಾರೆ. ಅವರ ಅದೃಶ್ಯ ಮನುಷ್ಯನ ಹೆಜ್ಜೆಯ ಕೆಸರು ಕಾಣುತ್ತದೆ, ಅವನು ಉಂಡದ್ದು ಜೀರ್ಣವಾಗುವವರೆಗೆ ಕಾಣುತ್ತದೆ, ಬಟ್ಟೆಯಿಲ್ಲದೆ ಚಳಿಯಲ್ಲಿ ನಡುಗುತ್ತಾನೆ. ಶಕ್ತಿ ಒಂದೇ, ತೊಂದರೆ ನೂರು.

ಇನ್ನು ನೆನಪು ಅಳಿಸುವ ಗುಪ್ತ ಸಂಸ್ಥೆ. ಇದರ ಮೇಲೆ ನನಗೆ ಸ್ವಲ್ಪ ಕೋಪವಿದೆ. ಸಿಕ್ಕಿಬಿದ್ದಾಗಲೆಲ್ಲ ಯಾರೋ ಬಂದು ನೋಡಿದವರ ನೆನಪು ಒರೆಸಿ ಹೋಗುವುದಾದರೆ ಹೆದರಿಕೆ ಯಾಕೆ, ಕಥೆ ಯಾಕೆ? ಇಟ್ಟೇ ತೀರುತ್ತೇನೆ ಅನ್ನುವುದಾದರೆ, ಅದೂ ಗುರುತು ಬಿಡಲಿ. ನೆನಪು ಹೋದವಳ ಫೋನಿನಲ್ಲಿ ಆ ಸಂಜೆಯ ಫೋಟೋ ಉಳಿದಿರಲಿ. ಮೊಣಕೈ ಮೇಲಿನ ತರಚು ಗಾಯ ಎಲ್ಲಿಂದ ಬಂತೆಂದು ಅವಳಿಗೇ ತಿಳಿಯದಿರಲಿ.

ಮನಸ್ಸು ಓದುವ ಶಕ್ತಿ ಬೇಡ. ಮೊದಲ ಕಥೆಗಂತೂ ಬೇಡವೇ ಬೇಡ. ಎಲ್ಲರ ಮನಸ್ಸೂ ತಿಳಿದರೆ ಯಾವ ಗುಟ್ಟೂ ಎರಡನೇ ಪುಟ ದಾಟುವುದಿಲ್ಲ.

ಕೊನೆಯದು, ಗುಟ್ಟು ಬಿಚ್ಚುವ ಗಳಿಗೆ. ಒಬ್ಬರಿಗಾದರೂ ಹೇಳಲೇಬೇಕಲ್ಲ. ಹೇಳಿದೊಡನೆ ಎದುರಿನವರು ಬಾಯಿ ಬಿಟ್ಟುಕೊಂಡು ನಂಬಿಬಿಡುವುದು ಬಹಳ ಕಥೆಗಳಲ್ಲಿದೆ. ಮತ್ತೆ ಬನ್ನಿಮರದ ಹತ್ತಿರ ಬನ್ನಿ, ಅದು ನಾಲ್ಕನೆಯ ಮರ. ಬೃಹನ್ನಳೆ ಉತ್ತರಕುಮಾರನನ್ನು ಮರ ಹತ್ತಿಸಿ ಬಿಲ್ಲು ಇಳಿಸಿಕೊಳ್ಳುತ್ತಾನೆ. ನಾನೇ ಅರ್ಜುನ ಅನ್ನುತ್ತಾನೆ. ಹುಡುಗ ನಂಬುವುದಿಲ್ಲ. ಅರ್ಜುನನಿಗೆ ಹತ್ತು ಹೆಸರಿವೆಯಂತೆ, ಹತ್ತನ್ನೂ ಹೇಳು, ಆಮೇಲೆ ನಂಬುತ್ತೇನೆ ಅನ್ನುತ್ತಾನೆ. ಹತ್ತೂ ಹೇಳಿದ ಮೇಲೆ, ಆ ಹೆಸರುಗಳು ಯಾಕೆ ಬಂದವು, ಅದನ್ನೂ ಹೇಳು ಅನ್ನುತ್ತಾನೆ. ಕೌರವರ ಸೇನೆ ಎದುರಿಗೆ ನಿಂತಿದೆ, ಬಿಲ್ಲು ಕೈಯಲ್ಲಿದೆ, ಲೋಕದ ದೊಡ್ಡ ಬಿಲ್ಲುಗಾರ ಒಬ್ಬ ಹುಡುಗನಿಗೆ ತನ್ನ ಹೆಸರಿನ ಅರ್ಥ ಬಿಡಿಸಿ ಹೇಳುತ್ತಾ ನಿಂತಿದ್ದಾನೆ.

ನಿಮ್ಮ ನಾಯಕನ ಗೆಳತಿಯೂ ಅಷ್ಟು ಸುಲಭಕ್ಕೆ ನಂಬದಿರಲಿ. ನಮಸ್ಕಾರ.