ಆಯ್ಲರ್ ಜರಡಿ ಹಿಡಿದ ಸಂಖ್ಯೆ

ಕೇಳುಗರಿಗೆ ನಮಸ್ಕಾರ. ಕೈಗೆ ಪೆನ್ನು ಸಿಕ್ಕರೆ ಒಂದು ಸಂಖ್ಯೆ ಬರೆದುಕೊಳ್ಳಿ: 214 ಕೋಟಿ 74 ಲಕ್ಷ 83 ಸಾವಿರದ 647. ಎರಡನ್ನು 31 ಸಲ ಗುಣಿಸಿ, ಅಂದರೆ ಎರಡರ 31ನೇ ಘಾತ ತೆಗೆದು, ಬಂದ ಉತ್ತರದಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ ಇದು. ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಇದು ಭಾಗವಾಗುವುದಿಲ್ಲ, ಅಂದರೆ ಅವಿಭಾಜ್ಯ.

ಫ್ರಾನ್ಸಿನ ಪಾದ್ರಿ ಮೆರ್ಸೆನ್ 1644ರಲ್ಲೇ ಹಾಗೆಂದಿದ್ದ. ಆದರೆ ಎರಡರ ಯಾವ ಘಾತಗಳಲ್ಲಿ ಒಂದು ಕಳೆದರೆ ಅವಿಭಾಜ್ಯ ಸಿಗುತ್ತದೆ ಎಂಬ ಅವನ ಪಟ್ಟಿಯನ್ನು ನಂಬುವಂತಿಲ್ಲ. 67ನೇ ಘಾತವನ್ನು ಸೇರಿಸಿದ್ದು ತಪ್ಪು, 61ನೆಯದನ್ನು ಬಿಟ್ಟದ್ದೂ ತಪ್ಪು. 31ರ ವಿಷಯ ಇತ್ಯರ್ಥವಾದದ್ದು 1772ರಲ್ಲಿ. ಅದನ್ನು ಮಾಡಿದ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಗಣಿತಜ್ಞ ಆಯ್ಲರ್‌ಗೆ ಆಗ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು.

ಒಂದೊಂದಾಗಿ ಭಾಗಿಸುತ್ತ ಹೋಗುವುದಾದರೆ ವರ್ಗಮೂಲದವರೆಗೆ, ಅಂದರೆ 46,340ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸಬೇಕು. ಅವು ನಾಲ್ಕು ಸಾವಿರಕ್ಕೂ ಹೆಚ್ಚು. ಆಯ್ಲರ್ ಮೊದಲು ಕೇಳಿದ ಪ್ರಶ್ನೆಯೇ ಬೇರೆ: ಭಾಜಕ ಇದ್ದದ್ದೇ ಆದರೆ ಅದು ಹೇಗಿರಬೇಕು?

ಅಂಥ ಅವಿಭಾಜ್ಯ ಭಾಜಕವೊಂದಿದೆ ಎಂದುಕೊಳ್ಳೋಣ. ಎರಡರ ಘಾತಗಳನ್ನು ಅದರಿಂದ ಭಾಗಿಸುತ್ತ ಶೇಷ ನೋಡಿದರೆ 31ನೇ ಘಾತಕ್ಕೆ ಶೇಷ ಒಂದು. 31 ತಾನೇ ಅವಿಭಾಜ್ಯ, ಹಾಗಾಗಿ ಅದಕ್ಕೂ ಮೊದಲು ಒಂದು ಬರುವಂತಿಲ್ಲ. ಶೇಷಗಳು 31ರ ಚಕ್ರದಲ್ಲೇ ಸುತ್ತುತ್ತವೆ. ಆದರೆ ಫ್ರೆಂಚ್ ಗಣಿತಜ್ಞ ಫರ್ಮಾನ ಪ್ರಮೇಯದಂತೆ, ಭಾಜಕಕ್ಕಿಂತ ಒಂದು ಕಡಿಮೆಯಿರುವ ಘಾತಕ್ಕೂ ಶೇಷ ಒಂದೇ ಬರಬೇಕು. ಆದ್ದರಿಂದ ಭಾಜಕದಲ್ಲಿ ಒಂದು ಕಳೆದರೆ ಅದು 31ರಿಂದ ಭಾಗವಾಗಲೇಬೇಕು. ಭಾಜಕ ಬೆಸಸಂಖ್ಯೆ, ಆದ್ದರಿಂದ 62ರಿಂದಲೂ. ಇನ್ನೊಂದು ನಿಯಮದ ಪ್ರಕಾರ ಎಂಟರಿಂದ ಭಾಗಿಸಿದಾಗ ಶೇಷ ಒಂದು ಅಥವಾ ಏಳು ಇರಬೇಕು. ಈ ಎರಡು ಷರತ್ತುಗಳನ್ನೂ ಒಟ್ಟಿಗೆ ಹಾಕಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಸುವ ಅವಿಭಾಜ್ಯಗಳಷ್ಟೇ ಉಳಿಯುತ್ತವೆ. ಅವು ನೂರೂ ಇಲ್ಲ!

63 ಅವಿಭಾಜ್ಯವಲ್ಲ, 249 ಎಂದರೆ 3 ಗುಣಿಸು 83. ಮೊದಲ ನಿಜವಾದ ಅಭ್ಯರ್ಥಿ 311. ಭಾಗಿಸಿ ನೋಡಿ: 35 ಶೇಷ ಉಳಿಯುತ್ತದೆ. ಮುಂದಿನದು 1303. ಹೀಗೆ ಕೊನೆಯವರೆಗೂ ಹೋದರೂ ಒಂದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. ಇದೇ ಜರಡಿಗೆ 11ನೇ ಘಾತದ 2047 ಹಾಕಿದರೆ 23 ಮತ್ತು 89 ಥಟ್ಟನೆ ಸಿಕ್ಕಿಬೀಳುತ್ತವೆ.

ಈ ಅವಿಭಾಜ್ಯದಿಂದ ಒಂದು ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ, ಹುಟ್ಟುತ್ತದೆ. ಅದರ ಬಗ್ಗೆ 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ, ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು, ಅದರಿಂದ ಉಪಯೋಗವೂ ಇಲ್ಲ ಎಂದು ಬರೆದ. ಪಾಪ! 1876ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ 39 ಅಂಕಿಗಳ ಅವಿಭಾಜ್ಯವನ್ನೇ ಸಾಧಿಸಿದ. ಇನ್ನು ನಮ್ಮ ಸಂಖ್ಯೆ, ಋಣಸಂಖ್ಯೆಗಳಿಗೂ ಜಾಗ ಕೊಡುವ 32 ಬಿಟ್ ಕಂಪ್ಯೂಟರ್ ಲೆಕ್ಕದ ಗರಿಷ್ಠ ಮಿತಿಯಾಗಿ ಕೂತಿದೆ. 1970ರಿಂದ ಸೆಕೆಂಡು ಎಣಿಸುತ್ತ ಬಂದ ಹಳೆಯ ವ್ಯವಸ್ಥೆಗಳ ಗಡಿಯಾರ 2038ರ ಜನವರಿ 19ರಂದು, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ ಈ ಮಿತಿ ಮುಟ್ಟುತ್ತದೆ. ಅಲ್ಲಿ ಅವಿಭಾಜ್ಯ ಗುಣಕ್ಕೇನೂ ಕೆಲಸವಿಲ್ಲ, ಗಾತ್ರದ್ದಷ್ಟೇ ತಕರಾರು.

2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಇದೇ ಬಗೆಯ ಅವಿಭಾಜ್ಯಕ್ಕೆ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳು. ಸೆಕೆಂಡಿಗೆ ಎರಡರಂತೆ ಇಲ್ಲಿ ಓದತೊಡಗಿದರೆ ಹಗಲೂ ರಾತ್ರಿ ಹೆಚ್ಚುಕಡಿಮೆ ಎಂಟು ತಿಂಗಳು ಬೇಕು. ಅಂಥವನ್ನು ಹುಡುಕುವ ಯಂತ್ರಗಳೂ ದೊಡ್ಡ ಪರೀಕ್ಷೆಗೆ ಮುನ್ನ ಸಣ್ಣ ಭಾಜಕಗಳನ್ನು ಹುಡುಕಲು ಇದೇ ಎರಡು ಷರತ್ತುಗಳನ್ನು ಬಳಸುತ್ತವೆ.