ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಎಲ್ಲರಿಗೂ ನಮಸ್ಕಾರ. ಒಳಗೆ ಬರುವ ಮುಂಚೆ ಬಾಗಿಲಲ್ಲಿ ನಿಮ್ಮ ಚಪ್ಪಲಿ, ಶೂಗಳನ್ನು ನೋಡುತ್ತಾ ನಿಂತಿದ್ದೆ. ಯಾರದ್ದು ಹೊಸದು ಅಂತಲ್ಲ, ಹೆದರಬೇಡಿ. ಯಾವ ಕಡೆ ಸವೆದಿದೆ ಅಂತ.

ಕರಾಟೆ ಕಲಿಯುವುದು ಬರಿಗಾಲಲ್ಲಿ. ಹಾಗಿದ್ದರೆ ಶೂ ಬಗ್ಗೆ ಮಾತೇಕೆ? ಕ್ಲಾಸು ದಿನಕ್ಕೆ ಒಂದು ತಾಸು. ಶೂ ಎಂಟು-ಹತ್ತು ತಾಸು. ಕಾಲು ಯಾರ ಮಾತು ಕೇಳುತ್ತದೆ ಹೇಳಿ?

ನನ್ನದೇ ಕತೆ ಕೇಳಿ. ಝೆಂಕುತ್ಸು-ದಾಚಿ, ಅಂದರೆ ಕರಾಟೆಯಲ್ಲಿ ಒಂದು ಕಾಲು ಮುಂದಿಟ್ಟು ನಿಲ್ಲುವ ಭಂಗಿ, ನಿಮಗೆ ಗೊತ್ತಲ್ವಾ? ಮುಂದಿನ ಮಂಡಿ ಬಗ್ಗಬೇಕು, ಹಿಂದಿನ ಕಾಲು ಚಾಚಿರಬೇಕು, ಅದರ ಹಿಮ್ಮಡಿ ನೆಲ ಬಿಡಬಾರದು. ನನ್ನದು ಏಳುತ್ತಲೇ ಇತ್ತು. ಸೋಮಾರಿ ಅಂತ ಬೈಸಿಕೊಂಡೆ. ಆಗ ನನ್ನದು ಸೇಲ್ಸ್ ಕೆಲಸ. ದಪ್ಪ ಹಿಮ್ಮಡಿಯ ಶೂ ಹಾಕಿಕೊಂಡು ದಿನವಿಡೀ ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆ, ದುರ್ಗದ ಬೈಲ್ ಸುತ್ತಾಟ. ಹಿಮ್ಮಡಿ ಎತ್ತರದಲ್ಲಿದ್ದರೆ ಮೀನಖಂಡ ಪೂರ್ತಿ ಚಾಚುವುದೇ ಇಲ್ಲ. ವರ್ಷಗಟ್ಟಲೆ ಹೀಗಾದರೆ ಅದು ಗಿಡ್ಡವಾಗುತ್ತದೆ, ಬಿಗಿಯುತ್ತದೆ. ಓಡುವ ಶೂ ಹಾಕಿದರೂ ತಪ್ಪಿದ್ದಲ್ಲ. ಎಷ್ಟೋ ಶೂಗಳಲ್ಲಿ ಮುಂಭಾಗಕ್ಕಿಂತ ಹಿಮ್ಮಡಿ 10 ಮಿಲಿಮೀಟರಿನಷ್ಟು ಮೇಲಿರುತ್ತದೆ.

ಇನ್ನು ಬೆರಳು. ಮಾಯೆ-ಗೇರಿ, ಅಂದರೆ ನೇರ ಮುಂದಕ್ಕೆ ಒದೆಯುವ ಒದೆತದಲ್ಲಿ ಬೆರಳನ್ನು ಮೇಲಕ್ಕೆ ಎತ್ತಿ, ಅದರ ಬುಡದ ದಿಂಬಿನಿಂದ ಹೊಡೆಯಬೇಕು. ಎತ್ತದಿದ್ದರೆ ಪೆಟ್ಟು ಬೀಳುವುದು ಎದುರಾಳಿಗಲ್ಲ, ನಿಮ್ಮ ಬೆರಳಿಗೆ! ಆದರೆ ಹವಾಯಿ ಚಪ್ಪಲಿ ಏನು ಕಲಿಸುತ್ತದೆ? ಜಾರದಂತೆ ಬೆರಳು ಕೆಳಕ್ಕೆ ಮಡಚಿ ಹಿಡಿದುಕೋ ಅಂತ. ಪೂರ್ತಿ ಉಲ್ಟಾ. ಮೂತಿ ಚೂಪಾದ ಶೂ ಹೆಬ್ಬೆರಳನ್ನು ಪಕ್ಕಕ್ಕೆ ತಳ್ಳುತ್ತದೆ. ಒಂಟಿಗಾಲಲ್ಲಿ ನಿಂತು ಒದೆಯುವವನಿಗೆ ಆ ಹೆಬ್ಬೆರಳೇ ಆಸರೆ.

ತಂದೆ-ತಾಯಂದಿರಿಗೆ ಒಂದು ಮಾತು. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ನಂಬರ್ ದೊಡ್ಡ ಶೂ ತರುತ್ತೀರಿ. ನಮ್ಮಪ್ಪನೂ ತಂದಿದ್ದ. ಒಳಗೆ ಕಾಲು ಜಾರುತ್ತದೆ, ಮಗು ಬೆರಳು ಬಿಗಿಹಿಡಿದೇ ನಡೆಯುತ್ತದೆ. ಶನಿವಾರದ ಬಿಳಿ ಕ್ಯಾನ್ವಾಸ್ ಶೂ ಇದೆಯಲ್ಲ, ತಳ ತೆಳು, ಸಪಾಟು. ಸರಿಯಾದ ಅಳತೆಯದ್ದಾದರೆ ನನಗೆ ಅದೇ ಇಷ್ಟ.

ಕೊಲ್ಹಾಪುರಿಯೂ ಸಪಾಟೇ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಜಿಐ ಟ್ಯಾಗಿನಲ್ಲಿ, ಅಂದರೆ ಇದು ಇಂಥ ಊರಿನದ್ದೇ ಮಾಲು ಅನ್ನುವ ಅಧಿಕೃತ ಗುರುತಿನಲ್ಲಿ, ನಮ್ಮ ಧಾರವಾಡ ಜಿಲ್ಲೆಯೂ ಇದೆ. ಬೆರಳಿಗೆ ಜಾಗ ಕೊಡುತ್ತದೆ. ಹೊಸದರಲ್ಲಿ ಕಚ್ಚುತ್ತದೆ, ಅದು ಬೇರೆ ಮಾತು.

ಹಾಗಂತ ನಾಳೆಯೇ ಶೂ ಎಸೆದು ಬರಿಗಾಲಲ್ಲಿ ಉಣಕಲ್ ಕೆರೆ ಸುತ್ತಬೇಡಿ. ಗರಡಿ ಪೈಲ್ವಾನರು ಬರಿಗಾಲಲ್ಲಿ ಆಡುವುದು ಹದ ಮಾಡಿದ ಮೆತ್ತನೆ ಮಣ್ಣಿನಲ್ಲಿ, ಡಾಂಬರಿನ ಮೇಲಲ್ಲ. ಬಿಗಿದ ಮೀನಖಂಡ ಒಂದೇ ದಿನಕ್ಕೆ ಬಿಡುವುದಿಲ್ಲ, ಸುಮ್ನೆ ನೋವು ಮಾಡಿಕೊಳ್ಳುತ್ತೀರಿ. ಮನೆಯೊಳಗೆ ಹತ್ತು ನಿಮಿಷದಿಂದ ಶುರುಮಾಡಿ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಿನ ಗೊಡವೆಗೆ ಹೋಗಲೇಬೇಡಿ. ಕಾಲಿಗೆ ಗಾಯವಾದರೂ ಗೊತ್ತಾಗದೆ ಇರಬಹುದು.

ಸರಿ, ಈಗ ಎಲ್ಲರೂ ಎದ್ದು ಬನ್ನಿ. ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಹಿಮ್ಮಡಿ ಮೇಲೇಳುತ್ತಿದೆಯಾ? ಪಕ್ಕದವರದ್ದು ನೋಡಬೇಡಿ, ನಿಮ್ಮದು ನೋಡಿಕೊಳ್ಳಿ.